ಕನ್ನಡ ಟಿವಿಯ ವಯಸ್ಸನ್ನು ಎಲ್ಲಿಂದ ಎಣಿಸುವುದು?

2026ರ ನವೆಂಬರ್ 1ಕ್ಕೆ ಬೆಂಗಳೂರು ದೂರದರ್ಶನ ಕೇಂದ್ರಕ್ಕೆ ನಲವತ್ತೈದು ತುಂಬುತ್ತದೆ. 1981ರಲ್ಲಿ ರಾಜ್ಯೋತ್ಸವದ ದಿನವೇ ಪ್ರಸಾರ ಆರಂಭವಾದದ್ದು ಈ ಕೇಂದ್ರದ ಅದೃಷ್ಟವೂ ಹೌದು, ದುರದೃಷ್ಟವೂ ಹೌದು. ಹುಟ್ಟುಹಬ್ಬದ ದಿನ ನಾಡೆಲ್ಲ ಬಾವುಟ ಹಾರುತ್ತದೆ, ಆದರೆ ಒಂದು ಬಾವುಟವೂ ಅದರ ಸಲುವಾಗಿ ಹಾರುವುದಿಲ್ಲ.

ಇಂಥ ಸಂದರ್ಭದಲ್ಲಿ ಏನೇನು ನಡೆಯುತ್ತದೆಂದು ಹೇಳಲು ಪಂಚಾಂಗ ನೋಡಬೇಕಿಲ್ಲ. ದೀಪ ಬೆಳಗಿಸುತ್ತಾರೆ, ನಿವೃತ್ತರಿಗೆ ಶಾಲು ಹೊದಿಸುತ್ತಾರೆ, ಬಣ್ಣ ಮಾಸಿದ ಹಳೆಯ ತುಣುಕುಗಳನ್ನು ತೋರಿಸುತ್ತಾರೆ. ನೋಡಿದವರು ಆಂಟೆನಾ ತಿರುಗಿಸಿದ ಕತೆ ಹೇಳುತ್ತಾರೆ. ನಾನು ಆ ಕತೆ ಹೇಳುವುದಿಲ್ಲ. ಎಲ್ಲರ ಮನೆಯಲ್ಲೂ ಒಂದೊಂದು ಇದೆ, ಎಲ್ಲವೂ ಒಂದೇ ಥರ ಇವೆ.

ನನ್ನ ತಕರಾರು ಲೆಕ್ಕದ್ದು. ಕೇಂದ್ರಕ್ಕೆ ನಲವತ್ತೈದು ಎನ್ನುವುದು ನಿಜ. ಆದರೆ ಟಿವಿ ಕನ್ನಡದಲ್ಲಿ ಮಾತನಾಡಲು ಆರಂಭಿಸಿದ್ದು ಅದಕ್ಕೂ ಆರು ವರ್ಷ ಮೊದಲು, 1975ರ ಆಗಸ್ಟ್ 1ರಂದು. ಅದೂ ಬೆಂಗಳೂರಿನಲ್ಲಲ್ಲ, ಅಂದಿನ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ. ಬೆಂಗಳೂರಿನವರು ಟಿವಿ ಎಂಬುದರ ಬಗ್ಗೆ ಪತ್ರಿಕೆಯಲ್ಲಿ ಓದುತ್ತಿದ್ದ ಕಾಲಕ್ಕೆ ರಾಯಚೂರಿನ ಹಳ್ಳಿಯವರು ಅದನ್ನು ನೋಡುತ್ತಿದ್ದರು. ಈ ಆರು ವರ್ಷಗಳನ್ನು ಸೇರಿಸಿಕೊಳ್ಳುತ್ತೇವೋ ಬಿಡುತ್ತೇವೋ ಎಂಬುದರ ಮೇಲೆ ಸಾರ್ವಜನಿಕ ಪ್ರಸಾರ ಎಂದರೆ ಏನು ಎಂಬ ಇಂದಿನ ಜಗಳದ ಅರ್ಧ ಉತ್ತರ ನಿಂತಿದೆ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಆ ಪ್ರಯೋಗದ ಹೆಸರು ಸೈಟ್. ಉಪಗ್ರಹದ ಮೂಲಕ ಬೋಧನಾ ಟೆಲಿವಿಷನ್ ಪ್ರಯೋಗ ಎಂದು ಬಿಡಿಸಿ ಹೇಳಬಹುದು. ಭಾರತದ ಬಾಹ್ಯಾಕಾಶ ಯೋಜನೆ ಕಟ್ಟಿದ ವಿಕ್ರಂ ಸಾರಾಭಾಯಿ ಅವರ ಕಾಲದಲ್ಲಿ, 1969ರಲ್ಲಿ, ಅಮೆರಿಕದ ನಾಸಾ ಜೊತೆ ಒಪ್ಪಂದವಾಯಿತು. ಪ್ರಯೋಗ ನಡೆಯುವ ಹೊತ್ತಿಗೆ ಸಾರಾಭಾಯಿ ಇರಲಿಲ್ಲ. ನಾಸಾದ ಎಟಿಎಸ್-6 ಎಂಬ ಉಪಗ್ರಹವನ್ನು ಅಮೆರಿಕದ ಮೇಲಿನಿಂದ ಪೂರ್ವಕ್ಕೆ ಸರಿಸಿ, ಭಾರತಕ್ಕೆ ಕಾಣುವಂತೆ ಪೂರ್ವ ಆಫ್ರಿಕಾದ ಮೇಲೆ ನಿಲ್ಲಿಸಿದರು. ಒಂದು ವರ್ಷದ ಮಟ್ಟಿಗೆ ಎರವಲು. ಆರು ರಾಜ್ಯಗಳ 2,400 ಹಳ್ಳಿಗಳು, ರಾಜ್ಯಕ್ಕೆ ಸುಮಾರು ನಾನೂರು. ಆಂಧ್ರಪ್ರದೇಶ, ಬಿಹಾರ, ಮಧ್ಯಪ್ರದೇಶ, ಒಡಿಶಾ, ರಾಜಸ್ಥಾನಗಳ ಜೊತೆಗೆ ಕರ್ನಾಟಕವೂ ಇತ್ತು. ಹಳ್ಳಿಗಳನ್ನು ಆರಿಸುವಾಗ ಮುಂದುವರಿದ ಜಾಗಗಳನ್ನು ಹುಡುಕಲಿಲ್ಲ. ಹಿಂದುಳಿದ ಜಿಲ್ಲೆಗಳನ್ನೇ ಹುಡುಕಿದರು.

ಹಳ್ಳಿಗೆ ಬಂದ ಸಾಮಗ್ರಿಯನ್ನು ಹತ್ತಿರದಿಂದ ನೋಡಬೇಕು. ಸುಮಾರು ಹತ್ತು ಅಡಿ ಅಗಲದ ಬೋಗುಣಿಯಂಥ ಆಂಟೆನಾ. ಮೈಯೆಲ್ಲ ಕೋಳಿಗೂಡಿಗೆ ಬಿಗಿಯುವ ತಂತಿ ಬಲೆ. ಹೈದರಾಬಾದಿನ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್ ತಯಾರಿಸಿದ ಟಿವಿ ಸೆಟ್. ಕರೆಂಟು ಇರದ ಕೆಲವು ಕಡೆ ಬ್ಯಾಟರಿ. ಅದನ್ನು ಯಾರ ಮನೆಯಲ್ಲೂ ಇಡಲಿಲ್ಲ. ಶಾಲೆಯಲ್ಲೋ ಪಂಚಾಯಿತಿಯ ಜಾಗದಲ್ಲೋ ಇಟ್ಟು, ಊರೇ ಕೂತು ನೋಡುವ ಏರ್ಪಾಡು ಮಾಡಿದರು. ಗೌಡರ ಮನೆಯ ಪಡಸಾಲೆಗೆ ಬರದೆ ಶಾಲೆಯ ಅಂಗಳಕ್ಕೆ ಬಂದ ಟಿವಿ ಇದು. ನಮ್ಮ ಕಡೆಯ ಊರುಗಳ ರೀತಿ ಬಲ್ಲವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ದಿನಕ್ಕೆ ನಾಲ್ಕು ಗಂಟೆ ಪ್ರಸಾರ. ಬೆಳಗ್ಗೆ ಶಾಲಾ ಮಕ್ಕಳಿಗೆ ಭಾಷೆಗೆ ಇಪ್ಪತ್ತೆರಡೂವರೆ ನಿಮಿಷ. ಹಿಂದಿ, ಒಡಿಯಾ, ತೆಲುಗು, ಕನ್ನಡ ಎಂದು ನಾಲ್ಕು ಭಾಷೆ. ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ಒಂದಿಷ್ಟು ಹಾಡು ಕುಣಿತ. ಎಟಿಎಸ್-6 ಒಂದು ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳಿಸಬಲ್ಲದಾಗಿತ್ತು. ಹಾಗಾಗಿ ಒಂದೇ ಚಿತ್ರ ಆಂಧ್ರದ ಹಳ್ಳಿಯಲ್ಲಿ ತೆಲುಗು ಮಾತಾಡುವಾಗ ರಾಯಚೂರಿನ ಹಳ್ಳಿಯಲ್ಲಿ ಕನ್ನಡ ಮಾತಾಡಬಹುದಿತ್ತು. ಈ ಎರಡೂ ಭಾಷೆಗಳ ಕಾರ್ಯಕ್ರಮ ತಯಾರಿಯ ಕೇಂದ್ರ ಇದ್ದದ್ದು ಹೈದರಾಬಾದಿನಲ್ಲಿ. ಅಂದರೆ ಕನ್ನಡ ಟಿವಿಯ ಜನನ ಪತ್ರದಲ್ಲಿ ಹುಟ್ಟಿದ ಊರು ಹೈದರಾಬಾದು, ಬೆಳೆದ ಊರು ಹೈದರಾಬಾದ್ ಕರ್ನಾಟಕ ಎಂದು ಬರೆಯಬೇಕು. ಬೆಂಗಳೂರು ಆ ಪತ್ರದಲ್ಲಿ ಎಲ್ಲೂ ಇಲ್ಲ.

ಇದನ್ನೆಲ್ಲ ಪುಣ್ಯಕತೆಯಂತೆ ಹೇಳುವುದೂ ತಪ್ಪು. ಸೈಟ್ ಶುರುವಾದಾಗ ತುರ್ತು ಪರಿಸ್ಥಿತಿ ಘೋಷಣೆಯಾಗಿ ಐದು ವಾರ ಕಳೆದಿತ್ತು. ಪತ್ರಿಕೆಗಳ ಬಾಯಿ ಕಟ್ಟಿದ್ದ ಸರ್ಕಾರವೇ ಹಳ್ಳಿಗೆ ಟಿವಿ ತಂದಿತು. ಜನರಿಗೆ ಏನು ಬೇಕೆಂದು ದಿಲ್ಲಿಯೇ ತೀರ್ಮಾನಿಸುವ ಚಾಳಿ ಆವತ್ತೇ ಇತ್ತು. ಸಂಜೆ ಅರ್ಧ ಗಂಟೆ ಹಿಂದಿಯ ರಾಷ್ಟ್ರೀಯ ಕಾರ್ಯಕ್ರಮವನ್ನು ಎಲ್ಲ ರಾಜ್ಯದವರೂ ನೋಡಬೇಕಿತ್ತು. ಒಳ್ಳೆಯ ಉದ್ದೇಶ ಮತ್ತು ಸರ್ಕಾರದ ಬಿಗಿಹಿಡಿತ ಇವೆರಡೂ ನಮ್ಮ ಸಾರ್ವಜನಿಕ ಪ್ರಸಾರಕ್ಕೆ ಅವಳಿ ಮಕ್ಕಳಂತೆ ಒಟ್ಟಿಗೇ ಹುಟ್ಟಿದವು.

1976ರ ಜುಲೈ 31ಕ್ಕೆ ಎರವಲು ಮುಗಿಯಿತು. ಉಪಗ್ರಹ ಹೊರಟುಹೋಯಿತು, ತಂತಿ ಬಲೆಯ ಬೋಗುಣಿಗಳು ಆಕಾಶ ನೋಡುತ್ತ ಉಳಿದವು. ಸೈಟ್ ಹಳ್ಳಿಗಳಲ್ಲಿ ಒಂದಿಷ್ಟನ್ನಾದರೂ ಮುಟ್ಟಲೆಂದು ಮರುವರ್ಷ ಭೂಮಿಯ ಮೇಲೆಯೇ ಟ್ರಾನ್ಸ್‌ಮಿಟರ್ ಸ್ಥಾಪಿಸಿದ ಊರುಗಳಲ್ಲಿ ಗುಲ್ಬರ್ಗವೂ ಒಂದು. ಬೆಂಗಳೂರಿಗಿಂತ ನಾಲ್ಕು ವರ್ಷ ಮೊದಲು, 1977ರಲ್ಲಿ. ರಾಜಧಾನಿಗೆ ಬರುವ ಮೊದಲು ಕಲಬುರಗಿಗೆ ಬಂದ ಸರ್ಕಾರಿ ಸೌಲಭ್ಯ ಎಂದು ಪಟ್ಟಿ ಮಾಡಲು ಕೂತರೆ ಎರಡನೆಯ ಹೆಸರಿಗೆ ತಡಕಾಡಬೇಕಾಗುತ್ತದೆ.

ಬೆಂಗಳೂರು ಕೇಂದ್ರ ಬಂದ ಕಾಲ ಬೇರೆಯದೇ ಆಗಿತ್ತು. 1982ರ ಆಗಸ್ಟ್ 15ರಿಂದ ದಿಲ್ಲಿಯ ರಾಷ್ಟ್ರೀಯ ಕಾರ್ಯಕ್ರಮ, ಅದೇ ವರ್ಷ ಬಣ್ಣ, ನವೆಂಬರಿನಲ್ಲಿ ಏಷ್ಯನ್ ಕ್ರೀಡಾಕೂಟ. 1984ರಲ್ಲಿ ಕೆಲವು ತಿಂಗಳು ದೇಶದಲ್ಲಿ ಸರಾಸರಿ ದಿನಕ್ಕೊಂದು ಟ್ರಾನ್ಸ್‌ಮಿಟರ್ ತಲೆ ಎತ್ತಿತು. ಅದೇ ವರ್ಷ ಜುಲೈನಲ್ಲಿ ಹಿಂದಿಯ ‘ಹಮ್ ಲೋಗ್’ ಆರಂಭವಾಯಿತು. ಧಾರಾವಾಹಿ ಇದ್ದರೆ ಜಾಹೀರಾತು ತಾನಾಗಿ ಬರುತ್ತದೆಂದು ದೂರದರ್ಶನದ ದಿಲ್ಲಿಯ ಮುಖ್ಯ ಕಚೇರಿಯಾದ ಮಂಡಿ ಹೌಸ್‌ಗೆ ಅರ್ಥವಾಯಿತು. ಟಿವಿ ಶಾಲೆಯ ಅಂಗಳ ಬಿಟ್ಟು ನಡುಮನೆಯ ಷೋಕೇಸ್ ಸೇರಿತು. ಅದರ ಪ್ರೇಕ್ಷಕ ಈಗ ಬೆಳೆ ಕೊಯ್ಯುವ ರೈತನಿಗಿಂತ ಸೋಪು ಕೊಳ್ಳುವ ಗುಮಾಸ್ತನಾಗಿದ್ದ. ಬೇಸಾಯದ ಕಾರ್ಯಕ್ರಮ ನಿಲ್ಲಲಿಲ್ಲ ನಿಜ, ಆದರೆ ಜನ ಅದನ್ನು ಮುಂದಿನ ಕಾರ್ಯಕ್ರಮಕ್ಕೆ ಕಾಯುತ್ತ ನೋಡತೊಡಗಿದರು.

ಆ ಕಾಲವನ್ನು ಬೈಯುವುದಕ್ಕೂ ನನಗೆ ಮನಸ್ಸಿಲ್ಲ. ‘ಸಿಹಿಕಹಿ’ ಎಂಬ ಧಾರಾವಾಹಿಯ ಹೆಸರು ಅದರಲ್ಲಿ ನಟಿಸಿದ ಚಂದ್ರು ಅವರ ಹೆಸರಿಗೆ ಹೇಗೆ ಅಂಟಿತೆಂದರೆ, ಧಾರಾವಾಹಿ ಮರೆತುಹೋದರೂ ಹೆಸರು ಇವತ್ತಿಗೂ ಬಿಟ್ಟಿಲ್ಲ. ನಾಡಿಗೆಲ್ಲ ಒಂದೇ ವಾಹಿನಿ ಇದ್ದಾಗ ಮಾತ್ರ ಆಗುವ ಸಂಗತಿ ಇದು. ಉಡುಪಿಯವರೂ ಬೀದರಿನವರೂ ಒಂದೇ ಸಂಜೆ ಒಂದೇ ಮುಖ ನೋಡಿ ಮರುದಿನ ಅದರ ಬಗ್ಗೆ ಮಾತನಾಡುವುದು ಏಕೀಕರಣದ ನಂತರದ ಕರ್ನಾಟಕಕ್ಕೆ ಸಣ್ಣ ವಿಷಯವಾಗಿರಲಿಲ್ಲ.

1994ರ ಜೂನ್‌ನಲ್ಲಿ ಉದಯ ಟಿವಿ ಬಂತು. ದೂರದರ್ಶನ ಅಂದೇ ಸೋತಿತು ಎಂದು ಬರೆಯುವವರಿದ್ದಾರೆ. ಅದು ಸರಿಯಲ್ಲ. 1998ರಲ್ಲಿ ಟಿ.ಎನ್. ಸೀತಾರಾಮ್ ಮತ್ತು ಗೆಳೆಯರ ‘ಮಾಯಾಮೃಗ’ ಬೆಂಗಳೂರು ದೂರದರ್ಶನದಲ್ಲೇ ಬಂತು, ಜನ ಕೆಲಸ ಬಿಟ್ಟು ನೋಡಿದರು. ಪ್ರೇಕ್ಷಕರು ಇದ್ದರು, ಪ್ರತಿಭೆಯೂ ಇತ್ತು. ಇರದಿದ್ದದ್ದು ವ್ಯವಹಾರದ ಬುದ್ಧಿ. ದೂರದರ್ಶನದ ಪ್ರಾಯೋಜಿತ ಪದ್ಧತಿಯಲ್ಲಿ ಧಾರಾವಾಹಿ ಮಾಡುವವನೇ ಪ್ರಸಾರ ಶುಲ್ಕ ಕಟ್ಟಬೇಕು. ಬದಲಿಗೆ ಸಿಗುವ ಕೆಲವು ನಿಮಿಷಗಳ ಜಾಹೀರಾತು ಅವಧಿಯನ್ನು ತಾನೇ ಮಾರಿಕೊಳ್ಳಬೇಕು. ಲಾಭ ಬಂದರೆ ಅವನದು, ನಷ್ಟ ಬಂದರೂ ಅವನದೇ. ಖಾಸಗಿ ವಾಹಿನಿ ಬಂದು ‘ನೀವು ಕತೆ ಮಾಡಿ, ಕಂತಿಗೆ ಇಷ್ಟು ಕೊಡುತ್ತೇವೆ’ ಎಂದಾಗ ಯಾರು ತಾನೇ ಉಳಿದಾರು? ಸೀತಾರಾಮ್ ಅವರ ಮುಂದಿನ ಧಾರಾವಾಹಿಗಳು ಖಾಸಗಿ ವಾಹಿನಿಯಲ್ಲಿ ಬಂದವು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಸಂಸ್ಥೆ ಬಾಗಿಲು ಮುಚ್ಚಲಿಲ್ಲ, ಕಟ್ಟಿದವರು ಎದ್ದು ಹೋಗುವುದನ್ನು ಸುಮ್ಮನೆ ನೋಡುತ್ತ ಕೂತಿತು.

ಹೋಗದೆ ಉಳಿದದ್ದು ಏನು ಎಂದು ಕೇಳಿದರೆ ಹೆಚ್ಚಿನವರ ಬಾಯಲ್ಲಿ ಬರುವುದು ಒಂದೇ ಹೆಸರು, ‘ಥಟ್ ಅಂತ ಹೇಳಿ’. 2002ರಿಂದ ನಡೆದುಕೊಂಡು ಬಂದಿರುವ ರಸಪ್ರಶ್ನೆ, ನಡೆಸಿಕೊಡುವವರು ವೈದ್ಯರೂ ಲೇಖಕರೂ ಆದ ನಾ. ಸೋಮೇಶ್ವರ. ಸಾವಿರಾರು ಕಂತು ದಾಟಿದೆ. ಅದರಲ್ಲಿ ಕಾರಿಲ್ಲ, ಕೋಟಿ ಇಲ್ಲ, ಉತ್ತರ ಹೇಳುವ ಮೊದಲು ಎದೆ ಬಡಿತದಂಥ ಸಂಗೀತವಿಲ್ಲ. ಉತ್ತರ ಹೇಳಿದರೆ ಕನ್ನಡ ಪುಸ್ತಕ ಸಿಗುತ್ತದೆ. ಸ್ಪರ್ಧಿ ತಪ್ಪು ಹೇಳಿದಾಗ ಪ್ರಶ್ನೆ ಕೇಳಿದವರು ಅವನನ್ನು ಪೇಚಿಗೆ ಸಿಕ್ಕಿಸದೆ ಸರಿಯುತ್ತರದ ಹಿಂದಿನ ಕತೆಯನ್ನು ಎರಡು ಮಾತಿನಲ್ಲಿ ಹೇಳುತ್ತಾರೆ. ಸಣ್ಣ ಊರಿನ ಮೇಷ್ಟರೊಬ್ಬರು ಗೆದ್ದ ಪುಸ್ತಕಗಳನ್ನು ತೋಳಿನಲ್ಲಿ ಅಪ್ಪಿಕೊಂಡು ನಿಂತ ದೃಶ್ಯವನ್ನು ಒಮ್ಮೆ ನೋಡಿದ್ದೆ. ಗೆದ್ದವರ ಮುಖದಲ್ಲಿ ಆ ಥರದ ಸಂಕೋಚವನ್ನು ಬೇರೆ ಯಾವ ವಾಹಿನಿಯ ಸ್ಪರ್ಧೆಯಲ್ಲೂ ಕಂಡಿಲ್ಲ. ಟಿಆರ್‌ಪಿಯ ತಕ್ಕಡಿಯಲ್ಲಿ ಇಂಥ ಕಾರ್ಯಕ್ರಮವನ್ನು ತೂಗಲು ಬರುವುದಿಲ್ಲ. ತೂಗಲು ಬಾರದ್ದನ್ನು ಮಾಡುವುದಕ್ಕೇ ಸಾರ್ವಜನಿಕ ವಾಹಿನಿ ಇರುವುದು.

ಕೋವಿಡ್ ಕಾಲ ಇದಕ್ಕಿಂತ ದೊಡ್ಡ ಪರೀಕ್ಷೆ ಒಡ್ಡಿತು. 2020ರ ಮಾರ್ಚ್‌ನಲ್ಲಿ ರಾಮಾಯಣ ಧಾರಾವಾಹಿಯ ಮರುಪ್ರಸಾರ ದೇಶದಾದ್ಯಂತ ದೂರದರ್ಶನಕ್ಕೆ ಹಳೆಯ ಪ್ರೇಕ್ಷಕರನ್ನು ಮರಳಿ ತಂದುಕೊಟ್ಟದ್ದನ್ನು ಎಲ್ಲರೂ ಬರೆದರು. ಕರ್ನಾಟಕದ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಆ ಜುಲೈನಲ್ಲಿ ನಡೆಯಿತು. ಶಾಲೆಗಳು ಮುಚ್ಚಿದ್ದವು. ಖಾಸಗಿ ಶಾಲೆಯ ಮಕ್ಕಳು ಮೊಬೈಲ್ ಮುಂದೆ ಕೂತಿದ್ದರು, ಸರ್ಕಾರಿ ಶಾಲೆಯ ಎಷ್ಟೋ ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇರಲಿಲ್ಲ. ಶಿಕ್ಷಣ ಇಲಾಖೆ ದೂರದರ್ಶನದ ಕನ್ನಡ ವಾಹಿನಿ ಚಂದನದ ಬಾಗಿಲು ತಟ್ಟಿತು. ‘ಸೇತುಬಂಧ’ ಪಾಠಗಳು ಬಂದವು, ಮುಂದೆ ‘ಸಂವೇದ’ ಎಂಬ ಹೆಸರಿನಲ್ಲಿ ತರಗತಿವಾರು ಪಾಠಗಳು. ಎಲ್ಲ ಮಕ್ಕಳಿಗೂ ತಲುಪಿತೆಂದು ನಾನು ಹೇಳಲಾರೆ. ಟಿವಿಯೂ ಇಲ್ಲದ ಮನೆಗಳಿದ್ದವು, ಟಿವಿ ಇದ್ದು ಕರೆಂಟು ಇಲ್ಲದ ಮಧ್ಯಾಹ್ನಗಳೂ ಇದ್ದವು. ಆದರೆ 1975ರ ಬೆಳಗಿನ ಇಪ್ಪತ್ತೆರಡೂವರೆ ನಿಮಿಷದ ಕೆಲಸವೇ ನಲವತ್ತೈದು ವರ್ಷಗಳ ಬಳಿಕ ಮತ್ತೆ ಈ ಸಂಸ್ಥೆಯ ಕೈಗೆ ಬಂತು, ಅದು ಮಾಡಿತು. ಸಂಕಟ ಬಂದಾಗ ಸರ್ಕಾರಕ್ಕೆ ನೆನಪಾದದ್ದು ಚಂದನ. ಸಂಕಟ ಇಲ್ಲದ ದಿನಗಳಲ್ಲಿ ಯಾಕೆ ನೆನಪಾಗುವುದಿಲ್ಲ ಎಂಬುದು ಕೇಳಬೇಕಾದ ಪ್ರಶ್ನೆ.

ಇಲ್ಲಿ ಬಜೆಟ್ಟಿನ ವಿಷಯಕ್ಕೆ ಬರಲೇಬೇಕು. ಒಂದು ಕಾಲದಲ್ಲಿ ಈ ದೇಶದಲ್ಲೂ ರೇಡಿಯೊಗೆ, ಟಿವಿಗೆ ಲೈಸೆನ್ಸ್ ಇತ್ತು. ಅಂಚೆ ಕಚೇರಿಗೆ ಹೋಗಿ, ಪುಟ್ಟ ಪುಸ್ತಕ ಒಪ್ಪಿಸಿ, ವರ್ಷದ ಶುಲ್ಕ ಕಟ್ಟಿ, ಮುದ್ರೆ ಒತ್ತಿಸಿಕೊಂಡು ಬರಬೇಕಿತ್ತು. ಎಂಬತ್ತರ ದಶಕದ ನಡುವೆ ಅದನ್ನು ರದ್ದು ಮಾಡಿದಾಗ ಜನ ಸಂತೋಷಪಟ್ಟರು, ಪಡದೆ ಇನ್ನೇನು. ಆದರೆ ನೋಡುಗನಿಗೂ ನಿಲಯಕ್ಕೂ ನಡುವೆ ಇದ್ದ ಒಂದೇ ಒಂದು ನೇರ ಸಂಬಂಧ ಆ ಪುಟ್ಟ ಪುಸ್ತಕದ ಜೊತೆ ಕಡಿದುಹೋಯಿತು. ಆಮೇಲೆ ದುಡ್ಡು ಬರುವ ದಾರಿ ಎರಡೇ: ಸರ್ಕಾರ, ಇಲ್ಲವೇ ಜಾಹೀರಾತು. ಎರಡೂ ಕಡೆಯವರು ತಮ್ಮ ಮಾತು ನಡೆಯಬೇಕೆನ್ನುವವರೇ.

ಸ್ವಾಯತ್ತತೆಯ ಮಾತು ಹಳೆಯದು. ತುರ್ತು ಪರಿಸ್ಥಿತಿಯ ಕಹಿ ಬಾಯಲ್ಲಿರುವಾಗಲೇ ಪತ್ರಕರ್ತ ಬಿ.ಜಿ. ವರ್ಗೀಸ್ ನೇತೃತ್ವದ ಸಮಿತಿ 1978ರಲ್ಲಿ ‘ಆಕಾಶ ಭಾರತಿ’ ಎಂಬ ಸ್ವತಂತ್ರ ನ್ಯಾಸವನ್ನು ಸೂಚಿಸಿತು. ಅದು ಆಗಲಿಲ್ಲ. 1990ರಲ್ಲಿ ದೂರದರ್ಶನ, ಆಕಾಶವಾಣಿಗಳನ್ನು ಒಂದು ಸ್ವಾಯತ್ತ ಸಂಸ್ಥೆಗೆ ಒಪ್ಪಿಸುವ ಪ್ರಸಾರ ಭಾರತಿ ಕಾಯ್ದೆ ಸಂಸತ್ತಿನಲ್ಲಿ ಅಂಗೀಕಾರವಾಯಿತು; ಜಾರಿಗೆ ಬಂದದ್ದು 1997ರಲ್ಲಿ. ಏಳು ವರ್ಷ ಒಂದು ಕಾಯ್ದೆ ಕಪಾಟಿನಲ್ಲಿ ಕೂತಿತ್ತು ಎಂದರೆ ಅದನ್ನು ಯಾರೂ ನಿಜವಾಗಿ ಬಯಸಿರಲಿಲ್ಲ ಎಂದೇ ಅರ್ಥ. ಬಂದ ಮೇಲೂ ಮಂಡಳಿ ಒಂದು ಕಡೆ, ಹಣದ ಥೈಲಿ ಇನ್ನೊಂದು ಕಡೆ. 2007ರ ಅಕ್ಟೋಬರ್‌ವರೆಗೆ ಸೇರಿದ ನೌಕರರ ಸಂಬಳವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ನೇಮಕಾತಿಗೆ ಕಾಯ್ದೆಯಲ್ಲೇ ಹೇಳಿದ್ದ ಮಂಡಳಿ ರಚನೆಯಾದದ್ದು 2020ರಲ್ಲಿ. ನಡುವಿನ ವರ್ಷಗಳಲ್ಲಿ ಹಿರಿಯರು ನಿವೃತ್ತರಾಗುತ್ತ ಹೋದರು, ಅವರ ಕುರ್ಚಿಗಳಲ್ಲಿ ‘ಕ್ಯಾಶುಯಲ್’ ಎಂಬ ಹಣೆಪಟ್ಟಿಯ ಹುಡುಗ ಹುಡುಗಿಯರು ಬಂದು ಕೂತರು. ಸಂಜೆಯ ವಾರ್ತೆಯನ್ನು ಅಷ್ಟು ಗಂಭೀರವಾಗಿ ಓದುವವರಲ್ಲಿ ಹಲವರಿಗೆ ತಿಂಗಳಿಗೆ ಇಷ್ಟೇ ದಿನ ಕೆಲಸ. ಕರ್ನಾಟಕದ ಸುದ್ದಿ ತರಲು ಹೊರಟ ಸಂಸ್ಥೆಗೆ ತನ್ನದೇ ಮನುಷ್ಯರನ್ನು ಉಳಿಸಿಕೊಳ್ಳಲು ಆಗುತ್ತಿಲ್ಲ.

ಸರ್ಕಾರದ ಕೈ ಎಷ್ಟು ದೂರ ಚಾಚುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕುವುದು ಕಷ್ಟವಲ್ಲ. 2024ರ ಏಪ್ರಿಲ್‌ನಲ್ಲಿ, ಲೋಕಸಭೆ ಚುನಾವಣೆಯ ನಡುವೆಯೇ, ದಿಲ್ಲಿಯ ಡಿಡಿ ನ್ಯೂಸ್ ತನ್ನ ಕೆಂಪು ಲಾಂಛನವನ್ನು ಕೇಸರಿಗೆ ತಿರುಗಿಸಿತು. ಬಣ್ಣ ಚೆನ್ನಾಗಿ ಕಾಣಲೆಂದು ಬದಲಿಸಿದೆವು ಎಂಬ ಸಮರ್ಥನೆ ಬಂತು. ಯಾವ ಪಕ್ಷ ಅಧಿಕಾರದಲ್ಲಿದ್ದರೂ ಸುದ್ದಿ ವಿಭಾಗ ಅತ್ತ ವಾಲುವುದು ಹೊಸದಲ್ಲ; ಕಾಂಗ್ರೆಸ್ ಕಾಲದಲ್ಲಿ ಜನ ಅದನ್ನು ‘ರಾಜೀವ್ ದರ್ಶನ’ ಎಂದು ಆಡಿಕೊಳ್ಳುತ್ತಿದ್ದರು. ಆದರೆ ವಾಲುವುದಕ್ಕೂ, ವಾಲಿದ್ದೇವೆಂದು ಬಣ್ಣ ಬಳಿದುಕೊಳ್ಳುವುದಕ್ಕೂ ವ್ಯತ್ಯಾಸವಿದೆ.

ಬೇರೆ ದೇಶಗಳಲ್ಲಿ ಎಲ್ಲ ಸರಿ ಇದೆ ಎಂಬ ಭ್ರಮೆಯೂ ಬೇಡ. ಬ್ರಿಟನ್ನಿನಲ್ಲಿ ಬಿಬಿಸಿ ಇನ್ನೂ ಲೈಸೆನ್ಸ್ ಶುಲ್ಕದ ಮೇಲೆ ನಡೆಯುತ್ತಿದೆ, 2025ರ ಏಪ್ರಿಲ್‌ನಲ್ಲಿ ಅದು ಮನೆಗೆ ವರ್ಷಕ್ಕೆ 174.50 ಪೌಂಡ್ ಆಗಿತ್ತು. ಅದರ ಸನ್ನದು 2027ರ ಕೊನೆಗೆ ಮುಗಿಯುತ್ತದೆ, ಶುಲ್ಕ ಇರಬೇಕೇ ಬೇಡವೇ ಎಂಬ ಚರ್ಚೆ ಬಿಸಿಯಾಗಿದೆ. ಅಮೆರಿಕದಲ್ಲಂತೂ 2025ರ ಜುಲೈನಲ್ಲಿ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆಂದು ಎತ್ತಿಟ್ಟಿದ್ದ ಸುಮಾರು 110 ಕೋಟಿ ಡಾಲರ್ ವಾಪಸ್ ಪಡೆಯಿತು. ಆ ಹಣ ಹಂಚುತ್ತಿದ್ದ ನಿಗಮ ಮರುತಿಂಗಳೇ ತಾನು ಬಾಗಿಲು ಹಾಕುವುದಾಗಿ ಪ್ರಕಟಿಸಿತು. ಪೆಟ್ಟು ಜೋರಾಗಿ ಬೀಳುವುದು ನ್ಯೂಯಾರ್ಕ್, ಬಾಸ್ಟನ್‌ನಂಥ ಊರುಗಳ ದೊಡ್ಡ ನಿಲಯಗಳಿಗಲ್ಲ, ದಾನಿಗಳಿಲ್ಲದ ಸಣ್ಣ ಊರಿನ ನಿಲಯಗಳಿಗೆ.

ದೂರದರ್ಶನದ ಸ್ಥಿತಿ ಇವರೆಲ್ಲರಿಗಿಂತ ವಿಚಿತ್ರ. ಅದರ ಕಾರ್ಯಕ್ರಮ ನೋಡುವವರು ಕಡಿಮೆಯಾದರು, ಆದರೆ ಅದರ ಕೊಳವೆ ಬಳಸುವವರು ಹೆಚ್ಚಾದರು. ಕೊಳವೆ ಎಂದೆ, ಡಿಡಿ ಫ್ರೀ ಡಿಶ್ ಬಗ್ಗೆ ಹೇಳುತ್ತಿದ್ದೇನೆ. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂಬ ಹೆಸರಿನಲ್ಲಿ ಶುರುವಾದ ಸೇವೆ ಇದು. ಒಮ್ಮೆ ಎರಡು ಸಾವಿರ ರೂಪಾಯಿಯ ಆಸುಪಾಸು ಖರ್ಚು ಮಾಡಿ ತಟ್ಟೆಯನ್ನೂ ಪೆಟ್ಟಿಗೆಯನ್ನೂ ತಂದುಕೊಂಡರೆ ಆಮೇಲೆ ತಿಂಗಳ ಚಂದಾ ಇಲ್ಲ. ನಾಲ್ಕು ಕೋಟಿಗೂ ಹೆಚ್ಚು ಮನೆಗಳಲ್ಲಿದೆ ಎಂಬುದು ಉದ್ಯಮದವರ ಅಂದಾಜು. ಹೆದ್ದಾರಿ ಕಾಮಗಾರಿಯ ಪಕ್ಕದ ತಗಡಿನ ಶೆಡ್ಡುಗಳ ಮೇಲೆ, ಕಬ್ಬು ಕಡಿಯಲು ಬಂದವರ ಗುಡಿಸಲಿನ ಪಕ್ಕ ಬಿದಿರಿಗೆ ಕಟ್ಟಿದಂತೆ ನಿಂತಿರುವ ತಟ್ಟೆಗಳನ್ನು ನೋಡಿ, ಬಹುಪಾಲು ಅದೇ. ಸೈಟ್ ಕಾಲದ ಹತ್ತಡಿ ತಂತಿ ಬಲೆಯ ಮೊಮ್ಮಗು ಅದು. ಮನೆಯ ಆಂಟೆನಾಕ್ಕೆ ನೇರವಾಗಿ ಪ್ರಸಾರ ಮಾಡುತ್ತಿದ್ದ ಹಳೆಯ ಭೂತರಂಗ ಟ್ರಾನ್ಸ್‌ಮಿಟರ್‌ಗಳನ್ನು ಪ್ರಸಾರ ಭಾರತಿ 2022ರ ಹೊತ್ತಿಗೆ ಆಯಕಟ್ಟಿನ ಕೆಲವು ಜಾಗಗಳನ್ನು ಬಿಟ್ಟು ಬಹುತೇಕ ನಿಲ್ಲಿಸಿದ ಮೇಲೆ, ಕಾಸು ಕೊಡದೆ ಟಿವಿ ನೋಡುವ ದಾರಿ ಎಂದರೆ ಈಗ ಇದೇ.

ಈ ತಟ್ಟೆಯಲ್ಲಿ ಬರುವ ಖಾಸಗಿ ವಾಹಿನಿಗಳು ಹರಾಜಿನಲ್ಲಿ ಜಾಗ ಕೊಂಡು ಬರುತ್ತವೆ. ಹರಾಜು ಎಂದ ಮೇಲೆ ದುಡ್ಡಿದ್ದವರ ಆಟ. ದೊಡ್ಡ ಮಾರುಕಟ್ಟೆಯ ಹಿಂದಿ ವಾಹಿನಿಗಳೇ ಅಲ್ಲಿ ಮೇಲುಗೈ. ಹಿಂದಿ ಸಿನಿಮಾ, ಹಿಂದಿ ಧಾರಾವಾಹಿ, ಭೋಜಪುರಿ ಹಾಡು. ತಿಂಗಳ ಚಂದಾ ಕಟ್ಟಲಾಗದ ಕನ್ನಡದ ಮನೆಗೆ ಆ ತಟ್ಟೆಯಲ್ಲಿ ತನ್ನ ಭಾಷೆ ಸಿಗುವ ಮುಖ್ಯ ಜಾಗ ಚಂದನವೇ. ಚಂದನದ ಪ್ರೇಕ್ಷಕ ಯಾರು ಎಂದು ಯಾರಾದರೂ ಕೇಳಿದರೆ ನೆನಪಿಗೆ ಬರಬೇಕಾದದ್ದು ಈ ಮನೆ. ಹಳೆಯ ಹಾಡು ಕೇಳುವ ನಿವೃತ್ತರ ವಾಹಿನಿ ಎಂದು ನಾವು ನಗರದವರು ಅದನ್ನು ಬದಿಗೆ ಸರಿಸಿದ್ದೇವೆ. ಅದರ ಯಜಮಾನರೂ ಹಾಗೆಯೇ ನಂಬಿದಂತಿದೆ.

ಕ್ರಿಕೆಟ್ಟಿನ ಉದಾಹರಣೆ ಈ ಕೊಳವೆಯ ಬೆಲೆಯನ್ನು ಇನ್ನೂ ಸ್ಪಷ್ಟ ಮಾಡುತ್ತದೆ. 1993ರ ಹೀರೊ ಕಪ್ ಪ್ರಸಾರದ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1995ರ ಫೆಬ್ರುವರಿಯಲ್ಲಿ ಐತಿಹಾಸಿಕ ತೀರ್ಪು ಬಂತು: ಪ್ರಸಾರ ತರಂಗಗಳು ಸಾರ್ವಜನಿಕ ಆಸ್ತಿ, ಸರ್ಕಾರದ ಏಕಸ್ವಾಮ್ಯವಲ್ಲ. ದೂರದರ್ಶನದ ಪಟ್ಟ ಅಲುಗಾಡಿತು. ಖಾಸಗಿಯವರು ಕ್ರಿಕೆಟ್ ಹಕ್ಕು ಕೊಂಡರು. ಹಾಗಾದರೆ ಕಾಸಿಲ್ಲದವನು ಪಂದ್ಯ ನೋಡುವುದು ಹೇಗೆ ಎಂಬ ಪ್ರಶ್ನೆಗೆ 2007ರ ಕಾಯ್ದೆ ಬಂತು. ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರ ಪ್ರಸಾರವನ್ನು ಹಕ್ಕುದಾರರು ಪ್ರಸಾರ ಭಾರತಿಯ ಜೊತೆ ಹಂಚಿಕೊಳ್ಳಬೇಕು, ಟಿವಿ ಜಾಹೀರಾತಿನ ಆದಾಯದಲ್ಲಿ ನೂರಕ್ಕೆ 75 ಪಾಲು ಹಕ್ಕುದಾರರಿಗೆ, 25 ಪಾಲು ಪ್ರಸಾರ ಭಾರತಿಗೆ. 2017ರಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು: ಹೀಗೆ ಸಿಕ್ಕ ಪಂದ್ಯವನ್ನು ದೂರದರ್ಶನ ತನ್ನ ಭೂತರಂಗ ಜಾಲದಲ್ಲಿ, ತನ್ನ ತಟ್ಟೆಯಲ್ಲಿ ತೋರಿಸಬಹುದು, ಕೇಬಲ್‌ನವರ ಮೂಲಕ ಮನೆಮನೆಗೆ ಹೋಗುವಂತಿಲ್ಲ. ಕೇಬಲ್ ಇರುವ ಮನೆಯಲ್ಲಿ ಸರ್ಕಾರಿ ವಾಹಿನಿ ಹಾಕಿದಾಗ ಪಂದ್ಯದ ಬದಲು ಬೇರೇನೋ ಬರುವುದು ಇದೇ ಕಾರಣಕ್ಕೆ. ಕಾನೂನಿನ ಭಾಷೆಯಲ್ಲಿ ಹೇಳಿದ್ದರ ತಾತ್ಪರ್ಯ ಸರಳವಾಗಿದೆ, ಈ ಸಂಸ್ಥೆ ಇರುವುದು ಬೇರೆ ದಾರಿ ಇಲ್ಲದವರಿಗಾಗಿ.

ಅದನ್ನು ಪೂರ್ತಿ ಒಪ್ಪಿಕೊಂಡರೆ ಏನೇನು ಬದಲಾಗಬೇಕು? 2023ರ ಜನವರಿಯಲ್ಲಿ ಕೇಂದ್ರ ಸಂಪುಟ ಪ್ರಸಾರ ಭಾರತಿಯ ಮೂಲಸೌಕರ್ಯಕ್ಕೆ 2,539.61 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2024ರ ನವೆಂಬರ್‌ನಲ್ಲಿ ‘ವೇವ್ಸ್’ ಎಂಬ ಒಟಿಟಿ ಬಂತು. ಯಂತ್ರ, ಆ್ಯಪ್, ಸ್ಟುಡಿಯೊ ಎಲ್ಲ ಬೇಕಾದದ್ದೇ. ಆದರೆ ಕ್ಯಾಮೆರಾ ಹೊಸದಾದರೆ ಕಾರ್ಯಕ್ರಮ ಹೊಸದಾಗುವುದಿಲ್ಲ. ಚಂದನದ ಕಾರ್ಯಕ್ರಮಕ್ಕೆ ಎಷ್ಟು ಖರ್ಚು, ಯಾರು ಬರೆಯಬೇಕು, ಯಾವ ಜಿಲ್ಲೆಗೆ ಕ್ಯಾಮೆರಾ ಹೋಗಬೇಕು ಎಂಬ ತೀರ್ಮಾನ ಬೆಂಗಳೂರು ಕೇಂದ್ರವಿರುವ ಜಯಚಾಮರಾಜೇಂದ್ರ ನಗರದ ಕಟ್ಟಡದಲ್ಲಿ ಆಗದೆ ದಿಲ್ಲಿಯ ಕಡತದಲ್ಲಿ ಆಗುವ ತನಕ ಉಳಿದದ್ದೆಲ್ಲ ಗೋಡೆಗೆ ಸುಣ್ಣ ಬಳಿದಂತೆ. ರಾಜ್ಯ ಸರ್ಕಾರದ ಪಾತ್ರವೂ ವಿಚಿತ್ರ. ಕನ್ನಡದ ಹೆಸರಿನಲ್ಲಿ ಪ್ರಾಧಿಕಾರ, ಅಕಾಡೆಮಿಗಳನ್ನು ನಡೆಸುವ ಸರ್ಕಾರ, ಪುಸ್ತಕವನ್ನೇ ಬಹುಮಾನ ಕೊಡುವ ಕನ್ನಡದ ಏಕೈಕ ದೊಡ್ಡ ವೇದಿಕೆಯನ್ನು ‘ಅದು ಕೇಂದ್ರದ್ದು’ ಎಂದು ದೂರದಿಂದ ನೋಡುತ್ತದೆ.

ಇನ್ನೊಂದು ಕೆಲಸವಿದೆ, ಅದಕ್ಕೆ ಕಾಯಲು ಸಮಯವಿಲ್ಲ. ಹಳೆಯ ಟೇಪುಗಳು. ಎಂಬತ್ತರ ದಶಕದಲ್ಲಿ ವಿಡಿಯೊ ಟೇಪು ದುಬಾರಿ. ಅಳಿಸಿ ಅದರ ಮೇಲೆಯೇ ಮತ್ತೆ ಮುದ್ರಿಸುವುದು ಜಗತ್ತಿನ ಹಲವು ನಿಲಯಗಳ ರೂಢಿ, ಬಿಬಿಸಿಯೂ ಮಾಡಿತು, ನಮ್ಮವರೂ ಮಾಡಿದರು. ಉಳಿದ ಟೇಪುಗಳದು ಬೇರೆ ಕಷ್ಟ. ಕಾಂತ ಲೇಪನ ಅಂಟಂಟಾಗುತ್ತದೆ, ಯಂತ್ರದ ತಲೆಗೆ ಮೆತ್ತಿಕೊಳ್ಳುತ್ತದೆ, ಒಮ್ಮೆ ಓಡಿಸಲು ಹೋಗಿ ಅಲ್ಲೇ ಕಳೆದುಕೊಳ್ಳುವ ಭಯ. ಯೂ-ಮ್ಯಾಟಿಕ್ ಟೇಪು ಓದುವ ಯಂತ್ರವನ್ನು ಈಗ ಯಾರೂ ತಯಾರಿಸುವುದಿಲ್ಲ; ಕೆಟ್ಟರೆ ಬಿಡಿಭಾಗಕ್ಕೆ ಇನ್ನೊಂದು ಕೆಟ್ಟ ಯಂತ್ರವನ್ನೇ ಬಿಚ್ಚಬೇಕು. ಆ ಟೇಪುಗಳಲ್ಲಿ ಇರುವುದು ಬರೀ ಧಾರಾವಾಹಿಗಳಲ್ಲ. ಇಂದು ಇಲ್ಲದ ಕವಿಗಳ ಓದು, ಮೇಳಗಳೇ ಇಲ್ಲವಾದ ಬಯಲಾಟ, ನಿಂತುಹೋದ ತಳಿಯ ಜೋಳದ ಹೊಲ. ಯೂಟ್ಯೂಬಿನಲ್ಲಿ ಒಂದಿಷ್ಟು ಬಂದಿದೆ, ಬರುತ್ತಿದೆ. ಆದರೆ ಏನಿದೆ, ಏನಿಲ್ಲ ಎಂಬ ಪೂರ್ತಿ ಪಟ್ಟಿಯನ್ನು ಮೊದಲು ಸಾರ್ವಜನಿಕರ ಮುಂದಿಡಬೇಕು. ಶಾಲು ಹೊದಿಸುವುದಕ್ಕಿಂತ ಅದು ಕಡಿಮೆ ಖರ್ಚಿನ ಹುಟ್ಟುಹಬ್ಬ.

ನವೆಂಬರ್ 1ರ ವಿಶೇಷ ಕಾರ್ಯಕ್ರಮವನ್ನು ನಾನಂತೂ ನೋಡುತ್ತೇನೆ. ಹಳೆಯ ಮುಖಗಳಿಗಾಗಿ ಒಂದಿಷ್ಟು, ಒಂದು ಸಣ್ಣ ಕುತೂಹಲಕ್ಕಾಗಿ ಇನ್ನೊಂದಿಷ್ಟು. 1975ರಲ್ಲಿ ರಾಯಚೂರಿನ ಯಾವುದೋ ಶಾಲೆಯ ಅಂಗಳದಲ್ಲಿ ಕೂತು, ಹೈದರಾಬಾದಿನಿಂದ ಬಂದ ಕನ್ನಡವನ್ನು ಕೇಳಿಸಿಕೊಂಡಿದ್ದ ಎಂಟು ವರ್ಷದ ಹುಡುಗಿಗೆ ಈಗ ಅರವತ್ತರ ಹತ್ತಿರ. ಅವಳಂಥವರು ಆ ಮೂರು ಜಿಲ್ಲೆಗಳಲ್ಲಿ ಇನ್ನೂ ಎಷ್ಟೋ ಜನ ಇದ್ದಾರೆ. ಅವರಲ್ಲಿ ಒಬ್ಬರ ಮನೆಗಾದರೂ ಕಲಬುರಗಿ ಕೇಂದ್ರದ ಕ್ಯಾಮೆರಾ ಹೋಗುತ್ತದೆಯೇ ಎಂದು ನೋಡಬೇಕು.